ಎರಡನೇ ಸಹಿ

ಆ ಮನೆಯಲ್ಲಿ ‘ಅಸಹ್ಯ’ ಅನ್ನುವ ಮಾತು ದಿನಕ್ಕೆ ಹತ್ತು ಸಲವಾದರೂ ಕೇಳಿಬರುತ್ತಿತ್ತು, ಹತ್ತೂ ಸಲ ಅತ್ತೆಯ ಬಾಯಿಂದಲೇ. ಸೊಸೆ ಶಾಲೆಯಲ್ಲಿ ಟೀಚರ್ ಅನ್ನುವುದರಲ್ಲಿ ಅತ್ತೆಗೆ ತಕರಾರಿರಲಿಲ್ಲ, ಹೇಳಿಕೊಳ್ಳಲು ಒಂದಿಷ್ಟು ಹೆಮ್ಮೆಯೇ ಇತ್ತು. ಆದರೆ ಸೊಸೆಯ ಪಾಲಿಗೆ ಬಂದಿದ್ದು ಹತ್ತನೇ ಕ್ಲಾಸಿನ ಡಿ ಸೆಕ್ಷನ್. ಉಳಿದ ಮೂರು ಸೆಕ್ಷನ್ನಿನ ಮೇಷ್ಟ್ರುಗಳು ನಮ್ಮ ಕೈಲಾಗಲ್ಲಪ್ಪ ಎಂದು ಕೈಮುಗಿದು ಹೊರಗೆ ಕಳಿಸಿದ ಹನ್ನೆರಡು ಮಕ್ಕಳನ್ನು ಗುಡ್ಡೆ ಹಾಕಿದ ಸೆಕ್ಷನ್ ಅದು. ಆ ಹನ್ನೆರಡನ್ನೂ ಅವಳು ಶನಿವಾರ ಶನಿವಾರ ಮನೆಗೇ ಕರೆತರುತ್ತಿದ್ದಳು.

“ಆ ಹುಡುಗ ಕಾಲು ಎತ್ಕೊಂಡು ಸೋಫಾ ಮೇಲೆ ಕೂತಿದ್ದಾನೆ. ಕಾಲಿಗೆ ಏನು ಮೆತ್ತಿದೆಯೋ ದೇವರಿಗೇ ಗೊತ್ತು. ಅಸಹ್ಯ.”

“ಕೆಸರು ಅತ್ತೆ. ಅವರ ಬೀದಿಗೆ ಚರಂಡಿ ಇಲ್ಲ.”

“ಆ ಹುಡುಗಿ ತಲೆ ಕೆರ್ಕೊಳ್ಳೋದು ನೋಡಿದ್ಯಾ? ಹೇನು ಈ ಮನೆಗೆ ಬಂದು ಸಂಸಾರ ಹೂಡಿದ್ರೆ ನಾನು ಮಗಳ ಮನೆಗೆ ಹೊರಟೆ.”

“ಹೋಗಿ ಬನ್ನಿ ಅತ್ತೆ, ಅವರಿಗೂ ಬದಲಾವಣೆ ಆಗುತ್ತೆ,” ಎನ್ನುತ್ತಾ ಟೀಚರ್ ಹದಿನಾಲ್ಕು ಮೊಟ್ಟೆ ಬೇಯಿಸಿದ ಪಾತ್ರೆ ಇಳಿಸುತ್ತಿದ್ದಳು. ಅವಳ ಒಬ್ಬಳೇ ಮಗಳು, ಅದೇ ಶಾಲೆಯ ಹತ್ತನೇ ಎ ಸೆಕ್ಷನ್, ಕ್ಲಾಸಿಗೇ ಮೊದಲಿಗಳು, ಮೂಗು ಮುಚ್ಚಿಕೊಂಡು ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಗಂಡ ಮಾತ್ರ ಒಂದು ಮೂಲೆಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದ. ಅವನು ಅದೇ ಶಾಲೆಯ ಆಫೀಸಿನಲ್ಲಿ ಹಿರಿಯ ಗುಮಾಸ್ತ. ಯಾರ ತಂಟೆಗೂ ಹೋಗದವನು, ಜೋರು ಮಾತಿಲ್ಲದವನು. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಊರೆಲ್ಲ ಹೇಳುತ್ತಿತ್ತು.

ಟೀಚರ್ ಕಂಡುಕೊಂಡ ಉಪಾಯ ಸಣ್ಣದು. ಹಳೇ ಪರದೆಯ ನೀಲಿ ಬಟ್ಟೆ ಕತ್ತರಿಸಿ ಹನ್ನೆರಡು ಚೀಲ ಹೊಲಿದಿದ್ದಳು. ದಿನವೂ ಒಂದೊಂದು ಚೀಲದಲ್ಲಿ ಒಂದೊಂದು ಹಾಳೆ, ಹಾಳೆಯಲ್ಲಿ ಅರ್ಧ ಪುಟದ ಕಥೆ. ಮಗು ಅದನ್ನು ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳಬೇಕು. ಕೇಳಿದವರು ಕೆಳಗೆ ಸಹಿ ಹಾಕಬೇಕು, ಬಾರದವರು ಹೆಬ್ಬೆಟ್ಟು ಒತ್ತಬೇಕು. ಸರಿ ಓದಿದನೋ ತಪ್ಪು ಓದಿದನೋ ಎಂದು ಯಾರೂ ನೋಡಬೇಕಾಗಿಲ್ಲ. ಕೂತು ಕೇಳಿದರೆ ಸಾಕು. ಮನೆ ಮನೆಗೆ ಹೋಗಿ, “ನಾನು ಚೀಲದಲ್ಲಿ ಕಳಿಸಿದ್ದಕ್ಕೆ ದಿನಾ ಒಂದು ಸಹಿ, ಅಷ್ಟೇ ನಿಮ್ಮ ಕೆಲಸ,” ಎಂದು ಒಪ್ಪಿಸಿ ಬಂದಿದ್ದಳು.

ಮೊದಲ ತಿಂಗಳು ಚೀಲಗಳು ಹೋದ ಹಾಗೇ ವಾಪಸ್ಸು ಬಂದವು. ಒಂದರಲ್ಲಿ ಸತ್ತ ಜಿರಳೆ ಇತ್ತು. ಅದನ್ನು ಕಳಿಸಿದವನು ಪಟಾಕಿ. ಮೇಷ್ಟ್ರುಗಳ ಕಕ್ಕಸಿನಲ್ಲಿ ಪಟಾಕಿ ಹಚ್ಚಿ ಆ ಹೆಸರು ಸಂಪಾದಿಸಿದ್ದ. ಟೀಚರ್ ಜಿರಳೆ ಎತ್ತಿ ಬಿಸಾಕಿ, ಚೀಲ ಒಗೆದು, ಮರುದಿನ ಹೊಸ ಹಾಳೆ ಇಟ್ಟು ಕಳಿಸಿದಳು. ಐದನೇ ವಾರ ಅದರಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಬಂತು. ಅವನ ಅಪ್ಪ ಅಲ್ಲಿಯವರೆಗೆ ಮಗನ ಹತ್ತಿರ ಬಂದರೆ ಹೊಡೆಯಲೆಂದೇ ಬರುತ್ತಿದ್ದವನು. ಈಗ ಊಟ ಮುಗಿಸಿ ಗೋಡೆಗೊರಗಿ ಕೂತು, “ನಿನ್ನೆ ಆ ಕುದುರೆ ಕಥೆ ಅರ್ಧಕ್ಕೆ ನಿಂತಿತ್ತಲ್ಲ, ಮುಂದೇನಾಯ್ತು,” ಎಂದು ಕೇಳುತ್ತಾನೆ ಅಂತ ಪಟಾಕಿ ಬಂದು ವರದಿ ಒಪ್ಪಿಸಿದ. ಕ್ಲಾಸಿನಲ್ಲಿ ಎರಡು ವರ್ಷ ಬಾಯಿ ತೆರೆಯದ ಹುಡುಗಿಯೊಬ್ಬಳಿದ್ದಳು, ಮಕ್ಕಳು ಅವಳನ್ನು ಮೂಗಿ ಎಂದೇ ಕರೆಯುತ್ತಿದ್ದರು. ಅವಳಿಗಿದ್ದದ್ದು ಅಜ್ಜಿಯೊಬ್ಬಳೇ, ಆ ಅಜ್ಜಿಗೆ ಕಿವಿ ಮಂದ. ಕೂಗಿ ಓದದೆ ಬೇರೆ ದಾರಿಯೇ ಇರಲಿಲ್ಲ. ಹಾಗೆ ಮನೆಯಲ್ಲಿ ಕೂಗಿ ಅಭ್ಯಾಸವಾದವಳು ಒಂದು ದಿನ ಕ್ಲಾಸಿನಲ್ಲೂ ಅದೇ ದನಿಯಲ್ಲಿ ಓದಿದಾಗ ಪಕ್ಕದ ಕೋಣೆಯ ಮೇಷ್ಟ್ರು ಏನಾಯಿತೆಂದು ಓಡಿಬಂದರು. ಪಟಾಕಿ ಎರಡು ತಿಂಗಳಿಂದ ಒಂದು ದಿನವೂ ಶಾಲೆ ತಪ್ಪಿಸಿರಲಿಲ್ಲ.

ಪರೀಕ್ಷೆಗೆ ಕೂರುವವರ ಪಟ್ಟಿ ಕಳಿಸಲು ಮೂರು ವಾರ ಉಳಿದಿರುವಾಗ ಶಾಲೆಯ ಕಾರ್ಯದರ್ಶಿ ಒಂದು ಸಂಜೆ ಮನೆಗೆ ಬಂದ. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಮೆತ್ತಗಾದದ್ದನ್ನು ಸೊರ್ ಎಂದು ಹೀರಿ, ಬೆರಳು ನೆಕ್ಕಿ ಅದೇ ಕೈಯಿಂದ ಮಗಳ ತಲೆ ಸವರಿದ.

“ಮೂರು ವರ್ಷದಿಂದ ನಮ್ಮದು ನೂರಕ್ಕೆ ನೂರು ರಿಸಲ್ಟು. ಈ ಸಲ ನಿಮ್ಮ ಹನ್ನೆರಡು ಜನ ಸೇರಿ ಅದನ್ನ ನುಂಗಿ ನೀರು ಕುಡೀತಾರೆ ಟೀಚರ್.”

“ಏಳು ಜನ ಪಾಸಾಗ್ತಾರೆ ಸರ್.”

“ಇನ್ನು ಐದು? ನಾನು ಯಾರನ್ನೂ ಹೊರಗೆ ಹಾಕು ಅಂತಿಲ್ಲ, ಅದು ತಪ್ಪು. ತಾವಾಗೇ ಶಾಲೆ ಬಿಡ್ತೀವಿ ಅಂತ ಮನೆಯವರು ಬರೆದುಕೊಟ್ರೆ ಯಾರೇನು ಮಾಡೋಕಾಗುತ್ತೆ?”

“ಯಾರೂ ಬರೆದುಕೊಡಲ್ಲ. ಓದಿ ಹೇಳೋ ಮಕ್ಕಳಿದ್ದಾರೆ ಈಗ ಅವರ ಮನೇಲಿ.”

ಕಾರ್ಯದರ್ಶಿ ನಕ್ಕು ಗುಮಾಸ್ತನ ಕಡೆ ತಿರುಗಿದ. “ಮಗಳು ಜಾಣೆ. ನಮ್ಮ ಕಾಲೇಜಿನ ಸೈನ್ಸ್ ಸೀಟು ನನ್ನ ಕೈಲೇ ಇರುತ್ತೆ, ನಿಮಗೆ ಗೊತ್ತಲ್ಲ,” ಎಂದು ಇನ್ನೊಂದು ಬಿಸ್ಕತ್ತು ಎತ್ತಿಕೊಂಡ. ಅವನು ಹೋದಮೇಲೆ ಟೀಚರ್ ಆ ಲೋಟವನ್ನು ಎರಡು ಸಲ ತೊಳೆದಳು.

ಅದಾದ ಮೇಲಿನ ವಾರದಿಂದ ಗಂಡ ಬೇರೆಯೇ ಮನುಷ್ಯನಾದ. “ನೀನು ಎಷ್ಟಂತ ಮಾಡ್ತೀಯ? ಹಾಳೆ ಕಾಪಿ ತೆಗೆಯೋದು ನಾನು ನೋಡ್ಕೋತೀನಿ,” ಎಂದ. ಸಂಜೆ ಗೇಟಿನ ಹತ್ತಿರ ಮಕ್ಕಳಿಗೆ ಚೀಲ ಹಂಚುವುದು, ಬೆಳಗ್ಗೆ ಆಫೀಸಿನ ಕಿಟಕಿಯಲ್ಲಿ ವಾಪಸ್ಸು ಪಡೆದು ಕ್ಲಾಸಿಗೆ ಕಳಿಸುವುದು, ಎಲ್ಲ ತಾನೇ ವಹಿಸಿಕೊಂಡ. ಹದಿನೆಂಟು ವರ್ಷದ ಸಂಸಾರದಲ್ಲಿ ಕುಡಿದ ಲೋಟ ಎತ್ತಿಡದವನು. ಟೀಚರ್‌ಗೆ ಕಣ್ಣು ತುಂಬಿಬಂತು. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಅವನನ್ನು ಹೊಗಳಿದಳು. ಆ ಹೊಗಳಿಕೆ ನೆನಪಾದಾಗಲೆಲ್ಲ ಮುಂದೆ ಅವಳಿಗೆ ತನ್ನ ನಾಲಿಗೆಯನ್ನೇ ಉಜ್ಜಿ ತೊಳೆಯಬೇಕು ಅನ್ನಿಸುತ್ತಿತ್ತು.

ಪಟ್ಟಿ ಕಳಿಸುವ ಹಿಂದಿನ ದಿನ, ಗುರುವಾರ, ಮೂಗಿ ತಡವಾಗಿ ಬಂದಳು. ಬುಧವಾರ ಜ್ವರ ಬಂದು ಮನೆಯಲ್ಲೇ ಉಳಿದಿದ್ದಳು. ಆಫೀಸಿನ ಕಿಟಕಿ ಮುಚ್ಚಿದ್ದರಿಂದ ಚೀಲ ಹಿಡಿದು ನೇರ ಕ್ಲಾಸಿಗೇ ಬಂದಳು.

“ಟೀಚರ್, ವರ್ಗಾವಣೆ ಅಂದ್ರೆ ಏನು?”

“ಯಾಕೆ, ಎಲ್ಲಿ ಓದಿದೆ?”

“ಹಿಂದಿನ ಹಾಳೇಲಿ, ಮೇಲ್ಗಡೆ. ಅಜ್ಜಿ ಅಲ್ಲೇ ನಿಲ್ಲಿಸಿ ಕೇಳಿದ್ರು, ನಂಗೆ ಹೇಳೋಕೆ ಬರ್ಲಿಲ್ಲ. ಅರ್ಥ ಗೊತ್ತಿಲ್ದೆ ಒತ್ತಲ್ಲ ಅಂದ್ರು. ಒಂದು ಸಹಿ ಹಾಕಿಸ್ಲಿಲ್ಲ, ಬಯ್ಬೇಡಿ.”

ಕಥೆಯ ಹಾಳೆಯ ಹಿಂದೆ ಪಿನ್ ಹೊಡೆದ ಇನ್ನೊಂದು ಹಾಳೆ ಇತ್ತು, ತಲೆಬರಹ ‘ವರ್ಗಾವಣೆ ಪತ್ರ’. ‘ನನ್ನ ಮೊಮ್ಮಗಳಿಗೆ ಓದಿನಲ್ಲಿ ಆಸಕ್ತಿ ಇಲ್ಲದ ಕಾರಣ ಶಾಲೆ ಬಿಡಿಸಲು ಮನಸಾರೆ ಒಪ್ಪಿದ್ದೇನೆ. ವರ್ಗಾವಣೆ ಪತ್ರ ಕೊಡಬೇಕಾಗಿ ಕೋರಿಕೆ.’ ಮೊಮ್ಮಗಳ ಹೆಸರು, ಅಜ್ಜಿಯ ಹೆಸರು, ತಾರೀಖು, ಎಲ್ಲ ಮುತ್ತಿನಂಥ ಅಕ್ಷರದಲ್ಲಿ. ಟೀಚರ್ ಅದನ್ನು ಮೂರು ಸಲ ಓದಿದಳು.

“ಮಂಗಳವಾರ ನೀವೆಲ್ಲ ಎರಡು ಸಹಿ ಹಾಕಿಸಿದ್ರಾ?” ಎಂದು ಕ್ಲಾಸನ್ನು ಕೇಳಿದಳು.

“ಹೌದು ಟೀಚರ್. ಸರ್ ಗೇಟಲ್ಲಿ ಹೇಳಿದ್ರು. ಹಿಂದಿನ ಹಾಳೆ ಪಾಠ ಅಲ್ಲ, ಓದೋದು ಬೇಡ, ಸಹಿಗೆ ಅಷ್ಟೇ, ಟೀಚರ್ ಹೇಳಿದ್ದಾರೆ ಅಂದ್ರು.”

ಹತ್ತು ಮಕ್ಕಳು ಎದುರು ಕೂತಿದ್ದವು, ಮೂಗಿ ಪಕ್ಕದಲ್ಲಿ ನಿಂತಿದ್ದಳು. ಪಟಾಕಿ ಎರಡು ದಿನದಿಂದ ಬಂದಿರಲಿಲ್ಲ, ಅವನಿಗೂ ಜ್ವರವಿರಬೇಕು ಎಂದು ಯಾರೋ ಹೇಳಿದ್ದರು. ಟೀಚರ್ ಹೊರಗೆ ಹೋಗಿ ನಲ್ಲಿಯ ಹತ್ತಿರ ಬಗ್ಗಿ ಬೆಳಗ್ಗೆ ತಿಂದ ಬ್ರೆಡ್ಡನ್ನೆಲ್ಲ ಕಾರಿಕೊಂಡಳು. ಮೂಗಿ ಹಿಂದೆಯೇ ಬಂದು ನೀರಿನ ಬಾಟಲಿ ಹಿಡಿದಳು.

ಸಂಜೆ ನಾಲ್ಕೂವರೆಗೆ ಮನೆಯಲ್ಲಿ ಗಂಡ ಆಲೂಗಡ್ಡೆ, ಮೊಟ್ಟೆ ಹಾಕಿಕೊಂಡು ತಟ್ಟೆ ಮುಂದೆ ಕೂತಿದ್ದ. ಟೀಚರ್ ಹಾಳೆಯನ್ನು ತಟ್ಟೆಯ ಪಕ್ಕ ಇಟ್ಟಳು.

“ಇದು ಯಾರ ಅಕ್ಷರ?”

ಅವನು ಹಾಳೆ ನೋಡಿದ, ತಟ್ಟೆ ನೋಡಿದ. “ತಿಂದು ಮುಗಿಸ್ತೀನಿ ಇರು.”

“ಯಾರ ಅಕ್ಷರ ಅಂದೆ.”

“ನಂದೇ. ಬರೆಯೋದು ನನ್ನ ಕೆಲಸ. ಬರೀರಿ ಅಂತ ಹೇಳಿದ್ದು ಕಾರ್ಯದರ್ಶಿ.”

“ಗೇಟಲ್ಲಿ ನಿಂತು ‘ಟೀಚರ್ ಹೇಳಿದ್ದಾರೆ’ ಅಂದಿದ್ದೂ ಕಾರ್ಯದರ್ಶಿನಾ?”

ಅವನು ಮೊಟ್ಟೆಯ ಮೇಲೆ ಉಪ್ಪು ಉದುರಿಸಿದ. ಆ ಉಪ್ಪು ಉದುರಿಸುವ ಎರಡು ಬೆರಳಿನಿಂದ ಟೀಚರ್ ಮುಖ ತಿರುಗಿಸಿದಳು.

ಅತ್ತೆ ಒಳಗಿನಿಂದ ಬಂದರು. “ಯಾರೋ ಬೀದಿ ಮಕ್ಕಳಿಗೋಸ್ಕರ ಗಂಡನ್ನ ತಟ್ಟೆ ಮುಂದೆ ಕೂರಿಸಿ ವಿಚಾರಣೆ ಮಾಡ್ತೀಯಾ? ಅವನೇನು ಕದ್ದನಾ?”

“ಕದ್ದಿದ್ರೆ ವಾಸಿ ಇತ್ತು ಅತ್ತೆ. ವಾಪಸ್ಸು ಕೊಟ್ಟು ಬರಬಹುದಿತ್ತು.”

“ನೀನೇ ಯೋಚನೆ ಮಾಡು,” ಎಂದ ಗಂಡ, ಈಗಲೂ ಜೋರಿಲ್ಲದ ದನಿಯಲ್ಲಿ. “ಅವರಲ್ಲಿ ಅರ್ಧಕ್ಕರ್ಧ ಫೇಲಾಗೋರು. ಅಂಥವರಿಗೋಸ್ಕರ ನಮ್ಮ ಮಗಳ ಸೀಟು ಕಳ್ಕೋಬೇಕಾ?”

“ಫೇಲಾಗೋಕಾದ್ರೂ ಅವಕಾಶ ಬೇಡ್ವೇನ್ರೀ ಅವರಿಗೆ? ಅದನ್ನೂ ಕಿತ್ಕೊಂಡ್ರಾ?” ಅವಳು ಹಾಳೆಯ ಮೂಲೆ ಮುಟ್ಟಿ ನೋಡಿದಳು. “ಪಿನ್ ಯಾವಾಗ ಹೊಡೆದ್ರಿ? ಸೋಮವಾರ ಸಂಜೆಯೆಲ್ಲ ನಾನು ಮನೇಲೇ ಇದ್ನಲ್ಲ.”

ಗಂಡ ಮೊಟ್ಟೆಯ ಇನ್ನೊಂದು ಚೂರು ಬಾಯಿಗಿಟ್ಟುಕೊಂಡ. ಒರೆಸುವ ಬಟ್ಟೆ ಹಿಡಿದು ಪಾತ್ರೆ ಜೋಡಿಸುತ್ತಿದ್ದ ಮಗಳು ತಿರುಗದೆಯೇ ಹೇಳಿದಳು, “ನಾನು ಹೊಡೆದೆ. ನನ್ನ ರೂಮಲ್ಲಿ.”

“ಓದಿದ್ಯಾ ಅದನ್ನ?”

“ಹ್ಞೂಂ.”

“ಅರ್ಥ ಆಯ್ತಾ?”

“ಅದರಲ್ಲಿ ಅರ್ಥ ಆಗದೇ ಇರೋಕೆ ಏನಿದೆ ಅಮ್ಮ?” ಮಗಳು ಈಗ ತಿರುಗಿದಳು. “ನೀನು ಆ ಮಕ್ಕಳನ್ನ ತಂದು ನನ್ನ ತಟ್ಟೇಲಿ ತಿನ್ನಿಸ್ತೀಯ, ನನ್ನ ಬಾಚಣಿಗೆ ಕೊಡ್ತೀಯ. ಶನಿವಾರ ಬಂದ್ರೆ ನನಗೆ ಓದೋಕೆ ಜಾಗ ಇಲ್ಲ. ನನಗೆ ಸೀಟು ಬೇಕಿತ್ತು. ಅಪ್ಪ ಒಬ್ಬರಾದರೂ ನನ್ನ ಬಗ್ಗೆ ಯೋಚನೆ ಮಾಡಿದ್ರು.”

ಟೀಚರ್ ಕುರ್ಚಿಯ ಮೇಲೆ ಕೂತಳು. ತಟ್ಟೆಯ ವಿಷಯ, ಬಾಚಣಿಗೆಯ ವಿಷಯ ಮಗಳು ಹೇಳಿದ್ದು ಸುಳ್ಳಲ್ಲ, ಅದು ಅವಳಿಗೂ ಗೊತ್ತಾಯಿತು. ಆದರೆ ಒಂದು ಪದ ಅರ್ಥವಾಗದ್ದಕ್ಕೆ ಜ್ವರದ ಮೈಯಲ್ಲಿ ಮೂಗಿ ಓಡಿಬಂದು ಕೇಳಿದ್ದಳು. ಎಲ್ಲ ಪದವೂ ಅರ್ಥವಾಗಿದ್ದ ಇವಳು ಹನ್ನೆರಡು ಹಾಳೆಗೆ ಪಿನ್ ಹೊಡೆದು, ತುಟಿಪಿಟಕ್ ಅನ್ನದೆ ಅಮ್ಮನ ಎದುರು ಕೂತು ಮೂರು ದಿನ ಊಟ ಮಾಡಿದ್ದಳು. ಗಂಡನ ಮೇಲೆ ಬಂದ ಅಸಹ್ಯವನ್ನು ಅವಳು ಹೇಗೋ ತಡೆದುಕೊಂಡಿದ್ದಳು. ಹೆತ್ತ ಮಗಳ ಮೇಲೆ ಅಂಥದೇ ಅಸಹ್ಯ ಬಂದೀತು ಎಂದು ಯಾವ ತಾಯಿಯೂ ತಯಾರಾಗಿರುವುದಿಲ್ಲ. ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಪಟ್ಟಿ ಮಾರನೆಯ ದಿನ ಸಂಜೆ ನಾಲ್ಕಕ್ಕೆ ಹೋಗುವುದಿತ್ತು. ಅಷ್ಟರೊಳಗೆ ಹನ್ನೊಂದು ಮನೆಯವರೂ ಬಂದು, ನಾವು ಬಿಡಿಸುವುದಿಲ್ಲ ಎಂದು ಆಫೀಸಿನಲ್ಲಿ ಬರೆದುಕೊಡಬೇಕು. ಅವಳು ಮನೆ ಮನೆ ಹತ್ತಿ ಇಳಿದಳು. ಮೊದಲ ಮನೆಯಲ್ಲೇ ಸುಳ್ಳು ಹೇಳುವ ಆಸೆಯಾಯಿತು, ಆಫೀಸಿನಲ್ಲಿ ಏನೋ ತಪ್ಪಾಗಿದೆ ಅಂದುಬಿಡೋಣ ಎಂದು. ಹೇಳಲಿಲ್ಲ.

“ನೀವು ಒತ್ತಿದ್ದು ಮಗನ್ನ ಶಾಲೆ ಬಿಡಿಸೋ ಕಾಗದ. ಅದನ್ನ ಚೀಲಕ್ಕೆ ಹಾಕಿದ್ದು ನನ್ನ ಗಂಡ. ನನಗೆ ಗೊತ್ತಿರಲಿಲ್ಲ.”

ಗಾರೆ ಕೆಲಸದವನೊಬ್ಬ ಕೈ ತೊಳೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. “ನಾವು ಕಾಗದ ನೋಡಿ ಒತ್ತಿದ್ದಲ್ಲ ಟೀಚರ್. ನಿಮ್ಮ ಮುಖ ನೋಡಿ ಒತ್ತಿದ್ದು.”

“ಗೊತ್ತು.”

“ನಾಳೆ ಒಂದು ದಿನದ ಕೆಲಸ ಬಿಟ್ಟು ಬರ್ತೀನಿ. ಆದರೆ ಇನ್ಮೇಲೆ ಚೀಲ ಬೇಡ. ಚೀಲ ಗೀಲ ಕಳಿಸ್ಬೇಡಿ.”

ಇನ್ನೊಂದು ಮನೆಯಲ್ಲಿ ತಾಯಿಯೊಬ್ಬಳು ಬಾಗಿಲ ಪಕ್ಕಕ್ಕೆ ಉಗಿದಳು. ಯಾರ ಮೇಲೆ ಉಗಿದಳೋ, ಟೀಚರ್ ತನ್ನ ಮೇಲೇ ಎಂದು ತೆಗೆದುಕೊಂಡಳು. ಹತ್ತು ಮನೆಯವರು ಬರುತ್ತೇವೆ ಎಂದರು. ಹನ್ನೊಂದನೆಯದು ಪಟಾಕಿಯ ಮನೆ, ಅದಕ್ಕೆ ಬೀಗ. ಅಪ್ಪ ಮಗ ಇಬ್ಬರೂ ಎಲ್ಲೋ ಹೊಸ ಕೆಲಸಕ್ಕೆ ಹೋಗುತ್ತಾರೆ, ಎಲ್ಲಿ ಎಂದು ಗೊತ್ತಿಲ್ಲ ಎಂದರು ಪಕ್ಕದ ಮನೆಯವರು. ಅವಳು ಬಾಗಿಲ ಸಂದಿಯಲ್ಲಿ ಚೀಟಿ ತೂರಿಸಿ ಬಂದಳು.

ಶುಕ್ರವಾರ ಹತ್ತು ಗಂಟೆಗೆ ಆಫೀಸಿನ ಕಿಟಕಿಯ ಮುಂದೆ ಹತ್ತು ಮನೆಯವರು ನಿಂತಿದ್ದರು, ಜೊತೆಗೆ ಕರೆಯದೆಯೇ ಬಂದ ಮೂಗಿಯ ಅಜ್ಜಿ. ಕಿಟಕಿಯ ಒಳಗೆ ಗುಮಾಸ್ತ.

“ಹೆಡ್‌ಮಾಸ್ಟರು ಇಲ್ಲ. ಸೋಮವಾರ ಬನ್ನಿ,” ಎಂದ ಅವನು ತಲೆ ಎತ್ತದೆ.

“ಏನಂತೆ?” ಎಂದು ಅಜ್ಜಿ ಮೊಮ್ಮಗಳನ್ನು ಕೇಳಿದಳು.

“ಸೋಮವಾರ ಬರ್ಬೇಕಂತೆ,” ಎಂದು ಮೂಗಿ ಅಜ್ಜಿಗೆ ಕೇಳುವ ಹಾಗೆ ಕೂಗಿದಳು. ಅಂಗಳದಲ್ಲಿದ್ದ ಮೂರು ಕ್ಲಾಸಿಗೂ ಅದು ಕೇಳಿಸಿತು. “ಇವತ್ತು ನಾಲ್ಕು ಗಂಟೆಗೆ ಪಟ್ಟಿ ಹೋಗುತ್ತೆ ಅಜ್ಜಿ. ಸೋಮವಾರ ಬಂದ್ರೆ ನಮ್ಮ ಹೆಸರೇ ಇರಲ್ಲ. ಅದಕ್ಕೇ ಸೋಮವಾರ ಬನ್ನಿ ಅಂತಿದ್ದಾರೆ.”

ಮೇಷ್ಟ್ರುಗಳು ಹೊರಗೆ ಬಂದರು. ಗಾರೆಯವನು ಸರಳುಗಳನ್ನು ಹಿಡಿದುಕೊಂಡು, ನಾವು ಸೀದಾ ಶಿಕ್ಷಣ ಇಲಾಖೆಗೆ ಹೋಗ್ತೀವಿ ಎಂದ. ಅರ್ಧ ಗಂಟೆಯಲ್ಲಿ ಕಾರ್ಯದರ್ಶಿ ಕಾರಿನಿಂದ ಇಳಿದ. ಕೇಳಿದ, ತಲೆ ಆಡಿಸಿದ, ಎಲ್ಲರಿಗೂ ಕೈಮುಗಿದ.

“ಛೆ, ಎಂಥಾ ಕೆಲಸ ಮಾಡಿದ್ದೀರಿ ಗುಮಾಸ್ತರೇ. ಬಡವರ ಮಕ್ಕಳ ಜೊತೆ ಹೀಗಾ ಆಟ ಆಡೋದು?”

ಗುಮಾಸ್ತ ಎದ್ದು ನಿಂತ.

“ಸರ್, ನಮ್ಮ ಮನೇಲಿ ಟೀ ಕುಡೀತಾ ನೀವು ಹೇಳಿದ್ದನ್ನೇ ಇವರು ಬರೆದಿದ್ದು,” ಎಂದಳು ಟೀಚರ್.

ಕಾರ್ಯದರ್ಶಿಗೆ ಅದು ಕೇಳಿಸಲಿಲ್ಲ. ಬೇಡದ್ದು ಕೇಳಿಸದ ಕಿವಿ ಅದು. ಹತ್ತು ಕಾಗದಗಳನ್ನು ಎಲ್ಲರೆದುರು ಹರಿದು, ಮೂಗಿಯದೂ ಸೇರಿ ಹನ್ನೊಂದು ಹೆಸರು ಪಟ್ಟಿಗೆ ಹಾಕಿಸಿ, ಗುಮಾಸ್ತನನ್ನು ಮುಂದಿನ ಆದೇಶದವರೆಗೆ ಕೆಲಸಕ್ಕೆ ಬರಬೇಡಿ ಎಂದು ಕಳಿಸಿ, ಮಧ್ಯಾಹ್ನದ ಹೊತ್ತಿಗೆ ಅವನು ಕೈತೊಳೆದುಕೊಂಡ. ಪಟಾಕಿಯ ಅಪ್ಪ ಬರಲಿಲ್ಲ, ಅವನ ಕಾಗದ ಹಾಗೇ ಉಳಿಯಿತು. ಟೀಚರ್ ನಾಲ್ಕು ಗಂಟೆಯವರೆಗೆ ಗೇಟಿನಲ್ಲೇ ನಿಂತಿದ್ದಳು. ಪಟ್ಟಿ ಅವಳ ಕಣ್ಣೆದುರೇ ಹೋಯಿತು.

ಶನಿವಾರ ಮಕ್ಕಳು ಮನೆಗೆ ಬರಲಿಲ್ಲ, ಮನೆಯವರು ಕಳಿಸಲಿಲ್ಲ. ಸೋಫಾ ಖಾಲಿ ಇತ್ತು. ಗಂಡ ಕ್ಷೌರ ಮಾಡಿಕೊಳ್ಳದೆ ಕಿಟಕಿಯ ಹತ್ತಿರ ಕೂತಿದ್ದ. “ಎಲ್ಲಾನೂ ನನ್ನ ತಲೆಗೆ ಕಟ್ಟಿದ್ರು. ನೀನಾದ್ರೂ ಸುಮ್ಮನಿದ್ದಿದ್ರೆ,” ಎಂದ.

ಅವಳು ಅವನ ಟೀಯನ್ನು ಮೇಜಿನ ಮೇಲಿಟ್ಟು, ಕೈಗೆ ಕೊಡದೆ ಹೋದಳು.

“ಕಟ್ಕೊಂಡ ಗಂಡನ್ನ ಬೀದಿಗೆ ತಂದೆ, ಹೆತ್ತ ಮಗಳ ಸೀಟು ಕಳೆದೆ,” ಎಂದರು ಅತ್ತೆ. “ಬಂದ ಭಾಗ್ಯ ಏನು? ಅವರೂ ಬರೋದು ಬಿಟ್ರು.”

ಅಷ್ಟರಲ್ಲಿ ಮೂಗಿ ಬಾಗಿಲಲ್ಲಿ ಕಾಣಿಸಿಕೊಂಡಳು. ಒಳಗೆ ಬರಲಿಲ್ಲ. “ಟೀಚರ್, ಪಟಾಕಿ ಸಿಕ್ಕಿದ. ರೈಲ್ವೆ ಹಳಿ ಆಚೆ ಹಳೇ ಸಾಮಾನಿನ ಗೋದಾಮಲ್ಲಿದ್ದಾನೆ,” ಎಂದು ಹೇಳಿ ಓಡಿಹೋದಳು.

ಟೀಚರ್ ಮಗಳ ಕೋಣೆಯ ಬಾಗಿಲು ತಳ್ಳಿದಳು. “ಚಪ್ಪಲಿ ಹಾಕ್ಕೋ. ನನ್ನ ಜೊತೆ ಬಾ.”

“ನಾನ್ಯಾಕೆ?”

“ಬಾ ಅಂದೆ.”

ದಾರಿಯುದ್ದಕ್ಕೂ ಮಗಳು ನಾಲ್ಕು ಹೆಜ್ಜೆ ಹಿಂದೆಯೇ ಬಂದಳು. ಗೋದಾಮಿನ ಹತ್ತಿರ ಬರುವಾಗಲೇ ನಾತ ಹೊಡೆಯಿತು. ಕೊಳೆತ ಔಷಧಿ ಸೀಸೆಗಳು, ಹಾಲಿನ ಪೊಟ್ಟಣಗಳು, ಸುಟ್ಟ ತಂತಿ. ಮಗಳು ಮೂಗಿನ ಮೇಲೆ ಕರವಸ್ತ್ರ ಒತ್ತಿಕೊಂಡಳು. ಒಳಗೆ ಸೀಸೆಗಳ ಗುಡ್ಡೆಯ ಮುಂದೆ ಪಟಾಕಿ ಕುಕ್ಕರಗಾಲಲ್ಲಿ ಕೂತು ಬಣ್ಣ ಬಣ್ಣದ್ದನ್ನು ಬೇರೆ ಮಾಡುತ್ತಿದ್ದ. ಅವರನ್ನು ಕಂಡು ಎದ್ದ. ಮುಖ ಅರಳಿತು.

“ಟೀಚರ್, ಹುಷಾರು, ಕಾಲಿಗೆ ಗಾಜು ಚುಚ್ಚುತ್ತೆ. ಅಲ್ಲೇ ನಿಲ್ಲಿ.”

“ಶಾಲೆಗೆ ಯಾಕೋ ಬರ್ಲಿಲ್ಲ? ಚೀಟಿ ಇಟ್ಟು ಬಂದಿದ್ದೆ.”

“ಬುಧವಾರ ಬೆಳಗ್ಗೆ ಚೀಲ ಕಿಟಕೀಲಿ ಕೊಟ್ಟು ಇಲ್ಲಿಗೆ ಬಂದ್ವಿ. ಆಮೇಲೆ ಮನೆಗೇ ಹೋಗಿಲ್ಲ, ಇಲ್ಲೇ ಮಲಗ್ತೀವಿ.” ಅವನು ಕೈಯನ್ನು ಚಡ್ಡಿಗೆ ಒರೆಸಿಕೊಂಡ. “ಮತ್ತೆ ನೀವೇ ಶಾಲೆ ಬಿಡಿ ಅಂತ ಕಾಗದ ಕಳಿಸಿದ್ರಲ್ಲ.”

“ಅದರಲ್ಲಿ ಹಾಗಿದೆ ಅಂತ ಯಾರು ಹೇಳಿದ್ದು?”

“ನಾನೇ ಓದಿದೆ. ಬೇರೆಯವರೆಲ್ಲ ಸುಮ್ನೆ ಸಹಿ ಹಾಕಿಸಿರ್ತಾರೆ. ಸರ್ ಓದೋದು ಬೇಡ ಅಂದ್ರು, ಆದ್ರೂ ನಾನು ಹಿಂದಿನ ಹಾಳೆನೂ ಪೂರ್ತಿ ಓದಿದೆ. ಅಪ್ಪ ಕೂತು ಕೇಳಿದ್ರು. ಎಲ್ಲೂ ತಡವರಿಸ್ಲಿಲ್ಲ ಟೀಚರ್, ಒಂದು ತಪ್ಪಿಲ್ಲ. ಅಪ್ಪನಿಗೆ ಒತ್ತೋಕೆ ಮನಸ್ಸಿರಲಿಲ್ಲ. ಟೀಚರೇ ಕಳಿಸಿದ್ದು ಅಂತ ನಾನೇ ಒತ್ತಿಸಿದೆ.”

ಅವನು ಶಹಭಾಸ್‌ಗಿರಿಗೆ ಕಾಯುತ್ತಾ ನಿಂತಿದ್ದ. ಚೆನ್ನಾಗಿ ಓದಿದ ದಿನ ಕ್ಲಾಸಿನಲ್ಲಿ ಹಾಗೇ ನಿಲ್ಲುತ್ತಿದ್ದ.

“ಅದು ನಾನು ಕಳಿಸಿದ್ದಲ್ಲ ಕಣೋ,” ಎಂದಳು ಟೀಚರ್. “ನಿನಗೆ ಶಾಲೆ ಬಿಡು ಅಂತ ನಾನು ಹೇಳೇ ಇಲ್ಲ. ಪಟ್ಟಿ ನಿನ್ನೆ ಹೋಗಿಬಿಡ್ತು.”

ಪಟಾಕಿ ಅವಳ ಮುಖ ನೋಡಿದ, ಅವಳ ಹಿಂದೆ ನಿಂತ ಮಗಳ ಮುಖ ನೋಡಿದ.

“ಹಾಗಾದ್ರೆ ನಾನು ಓದ್ಬಾರದಿತ್ತಾ ಟೀಚರ್?”

ಮಗಳು ಕರವಸ್ತ್ರ ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಟೀಚರ್ ತಿರುಗಿ ನೋಡಲಿಲ್ಲ.